ಏಳಡಿ ಹಲಗೆ

"ಇವತ್ತು ಮಿಷನ್ ತಗೊಂಡೇ ಹೋಗೋದು. ಇಲ್ಲಾಂದ್ರೆ ನಾನು ಈ ಡ್ರಮ್ಮಿನ ಮೇಲಿಂದ ಏಳಲ್ಲ," ಎಂದು ಮೇಸ್ತ್ರಿಯ ಹೆಂಡತಿ ಗಂಡನಿಗೂ ಅಂಗಡಿಯವನಿಗೂ ಒಟ್ಟಿಗೇ ಕೇಳಿಸುವಂತೆ ಹೇಳಿದಳು. ಅವಳು ಕೂತಿದ್ದದ್ದು ಖಾಲಿಯಾದ ಬಣ್ಣದ ಡ್ರಮ್ಮಿನ ಮೇಲೆ. ಬಲಗಾಲನ್ನು ನೀಳವಾಗಿ ಮುಂದಕ್ಕೆ ಚಾಚಿಕೊಂಡಿದ್ದಳು. ಆ ಮಂಡಿ ಮಡಿಸಲು ಬರುತ್ತಿರಲಿಲ್ಲ. ಅಂಗಡಿಗೆ ಮೊಳೆ, ತಿರುಪು ಕೊಳ್ಳಲು ಬಂದವರೆಲ್ಲ ಆ ಕಾಲನ್ನು ಬಳಸಿಕೊಂಡು ಹೋಗಬೇಕಾಗಿತ್ತು.

ಮೇಸ್ತ್ರಿ ಮರ ಕೊಯ್ಯುವ ಮಿಷನ್ನಿನ ಮೇಲೆ ಬಗ್ಗಿ, ಒಂದು ಕಣ್ಣು ಮುಚ್ಚಿಕೊಂಡು, ಮನೆಯಿಂದ ತಂದಿದ್ದ ಮರದ ತುಂಡನ್ನು ಬ್ಲೇಡಿಗೂ ಅದರ ಪಕ್ಕದ ಕಬ್ಬಿಣದ ಪಟ್ಟಿಗೂ ನಡುವೆ ಇಟ್ಟಿದ್ದ. ಹಲಗೆಯನ್ನು ಆ ಪಟ್ಟಿಗೆ ಒತ್ತಿಕೊಂಡೇ ಬ್ಲೇಡಿನ ಕಡೆಗೆ ತಳ್ಳಬೇಕು. ಪಟ್ಟಿ ನೇರವಿದ್ದರೆ ಹಲಗೆ ನೇರ. ಸಂದಿಯಲ್ಲಿ ಒಂದು ತೆಳು ಹಾಳೆಯನ್ನು ತೂರಿಸಿದ. ಮುಂದುಗಡೆ ಹಾಳೆ ಸಲೀಸಾಗಿ ಹೋಗಿ ಬಂತು. ಹಿಂದುಗಡೆ ಸಿಕ್ಕಿಕೊಂಡಿತು. ಅವನು ನಿಧಾನವಾಗಿ ಬೆನ್ನು ನೆಟ್ಟಗೆ ಮಾಡಿದ.

"ಹಿಂದೆ ಒಂದು ಕಾಗದದಷ್ಟು ಇಕ್ಕಟ್ಟು."

"ಒಂದು ಕಾಗದ!" ಅಂಗಡಿಯವನು ಕೈ ಚೆಲ್ಲಿದ. "ಯಜಮಾನ್ರೇ, ನೀವು ಮರ ಕೊಯ್ಯೋಕೆ ತಗೋತಿದ್ದೀರೋ, ಕೂದಲು ಸೀಳೋಕೋ?"

"ಇಕ್ಕಟ್ಟಾದ್ರೆ ಬ್ಲೇಡು ಮರಾನ ಕಚ್ಚುತ್ತೆ. ಕಚ್ಚಿದ್ರೆ ಹಲಗೆ ಹಿಂದಕ್ಕೆ ಒದೆಯುತ್ತೆ," ಎಂದ ಮೇಸ್ತ್ರಿ, ಬೇಸರವಿಲ್ಲದ ದನಿಯಲ್ಲಿ. ಹೊಟ್ಟೆಯ ಮೇಲೆ ಕೈಯಿಟ್ಟು, "ಇಲ್ಲಿಗೆ" ಎಂದು ತೋರಿಸಿದ. ಆಮೇಲೆ ಜೇಬಿನಿಂದ ಸಣ್ಣ ಪುಸ್ತಕ ತೆಗೆದ.

ಪುಸ್ತಕ ಕಂಡದ್ದೇ ಹೆಂಡತಿಗೆ ಮೈಯೆಲ್ಲ ಉರಿಯಿತು. "ಆ ಪುಸ್ತಕ ಒಳಗಿಡಿ. ಇವತ್ತು ಅದನ್ನ ತೆರೆದ್ರೆ ಇದೇ ಮಿಷನ್ನಿಗೆ ಹಾಕಿ ಸೀಳಿಸ್ತೀನಿ."

ಆ ಪುಸ್ತಕದಲ್ಲಿ ಆರು ತಿಂಗಳಿತ್ತು. ಮೊದಲನೆಯ ಅಂಗಡಿಯಲ್ಲಿ ನೋಡಿದ್ದರ ಮೋಟಾರು ಅರಚುತ್ತಿತ್ತು. ಎರಡನೆಯದರ ಕಾಲು ಬರೀ ತಗಡು. ಇನ್ನೊಂದರ ಬ್ಲೇಡಿನ ಹಿಂದೆ ಕೊಯ್ದ ಸೀಳು ಮುಚ್ಚಿಕೊಳ್ಳದ ಹಾಗೆ ನಿಲ್ಲಬೇಕಾದ ತಗಡಿನ ನಾಲಿಗೆಯೇ ಇರಲಿಲ್ಲ. ಒಂದು ಎಲ್ಲದರಲ್ಲೂ ಸರಿಯಿತ್ತು, ಆದರೆ ಆ ಅಂಗಡಿಯ ಹುಡುಗಿ ಮಾತಿನ ಮಧ್ಯೆ ಫೋನು ನೋಡುತ್ತಿದ್ದಳು, ನಾಳೆ ಕೆಟ್ಟುಹೋದರೆ ಇವಳು ಕೇಳಿಸಿಕೊಳ್ಳುತ್ತಾಳೆಯೇ ಎಂದು ಬಿಟ್ಟು ಬಂದ. ಮತ್ತೊಂದನ್ನು ಒಪ್ಪಿ, ಒಂದು ರಾತ್ರಿ ಯೋಚನೆ ಮಾಡಿ ಬರುತ್ತೇನೆಂದು ಹೇಳಿ ಹೋದವನು ಹನ್ನೊಂದು ದಿನದ ಮೇಲೆ ಹೋದ. ಅಷ್ಟರಲ್ಲಿ ಅದನ್ನು ಯಾರೋ ಕೊಂಡುಹೋಗಿದ್ದರು. ಅಳೆದೂ ಸುರಿದೂ ನೋಡುವುದು ಎಂಬ ಮಾತೇ ಅವನಿಗಾಗಿ ಹುಟ್ಟಿದ್ದು ಎಂದು ಹೆಂಡತಿ ಹೇಳುತ್ತಿದ್ದಳು. ಅದಕ್ಕೂ ಅವನಿಗೆ ಕೋಪ ಬರುತ್ತಿರಲಿಲ್ಲ, ಅದು ಅವಳಿಗೆ ಇನ್ನೂ ಸಿಟ್ಟು ತರಿಸುತ್ತಿತ್ತು.

ಮಿಷನ್ನು ಬೇಕಾಗಿದ್ದದ್ದು ಅವಳ ಮೇಜಿಗೆ. ಅವಳು ಹತ್ತೊಂಬತ್ತು ವರ್ಷದಿಂದ ಮನೆಯಲ್ಲೇ ಅಡುಗೆ ಮಾಡಿ ಎರಡು ಆಫೀಸಿಗೂ ಒಂದು ಪ್ರಿಂಟಿಂಗ್ ಪ್ರೆಸ್ಸಿಗೂ ಊಟದ ಡಬ್ಬಿ ಕಳಿಸುತ್ತಿದ್ದಳು. ಮಂಡಿ ಕೆಟ್ಟಮೇಲೆ ಡಾಕ್ಟರು, ಒಂದೇ ಸಲಕ್ಕೆ ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲಬಾರದು, ಏನಿದ್ದರೂ ಕೂತು ಮಾಡಿ ಎಂದುಬಿಟ್ಟರು. ಕೂತು ಮಾಡಬೇಕಾದರೆ ಕಟ್ಟೆಯ ಎತ್ತರ ಸಾಲದು, ಮೇಜು ಬೇಕು. ಕಾಲು ಚಾಚಲು ಕೆಳಗೆ ಜಾಗವಿರಬೇಕು. ಈ ತುದಿಯಲ್ಲಿ ತರಕಾರಿ ಹೆಚ್ಚಿ, ನಡುವೆ ಹಿಟ್ಟು ಕಲಸಿ, ಆ ತುದಿಯಲ್ಲಿ ಡಬ್ಬಿ ತುಂಬುವಷ್ಟು ಉದ್ದವಿರಬೇಕು. ಆಸ್ಪತ್ರೆಯ ಬೆಂಚಿನ ಮೇಲೆ ಕೂತೇ ಮೇಸ್ತ್ರಿ ಲೆಕ್ಕ ಹಾಕಿದ್ದ: ಏಳಡಿ. "ನಾನಿದ್ದೀನಲ್ಲ. ಎರಡು ವಾರ," ಎಂದಿದ್ದ.

ಮರವೂ ಇತ್ತು. ಅವನು ಮೂವತ್ತೆಂಟು ವರ್ಷ ಒಂದು ಪೀಠೋಪಕರಣದ ಕಾರ್ಖಾನೆಯಲ್ಲಿ ಕೆಲಸ ಮಾಡಿದವನು. ಅಲ್ಲಿ ಕೆಲಸ ಬಿಡುವಾಗ ಎರಡು ದಪ್ಪ ಹಲಗೆಗಳನ್ನು ಆರಿಸಿ ತಂದಿದ್ದ. ಒಂದು ಅಂಚು ನೇರ, ಇನ್ನೊಂದು ಅಂಚಿನಲ್ಲಿ ಮರದ ಡೊಂಕು, ತೊಗಟೆಯ ಸಮೇತ. ಆ ಡೊಂಕನ್ನು ಉದ್ದಕ್ಕೂ ಕೊಯ್ದು ತೆಗೆದರೆ ಎರಡನ್ನೂ ಜೋಡಿಸಬಹುದು. ಆದರೆ ಅವನ ಬಲದ ಭುಜ ಗೇಣುದ್ದಕ್ಕಿಂತ ಆಚೆಗೆ ಕೈಗರಗಸವನ್ನು ನೂಕಲು ಬಿಡುತ್ತಿರಲಿಲ್ಲ. ಸಾಮಿಲ್ಲಿನವರು, ಎರಡು ಹಲಗೆಗೆಲ್ಲ ಬ್ಲೇಡು ತಿರುಗಿಸುವುದಿಲ್ಲ ಎಂದರು. ಹಾಗೂ ಹೀಗೂ ಕಾಡಿ ಬೇಡಿ ಒಂದು ತುಂಡು ಕೊಯ್ಯಿಸಿ ತಂದಾಗ ಅದರ ಅಂಚು ನೋಡಿ ಅವನು, "ನಾಯಿ ಕಚ್ಚಿದಂಗಿದೆ" ಎಂದು ಮೂಲೆಗೆ ಒರಗಿಸಿದ. ಕಡೆಗೆ ತಾನೇ ಒಂದು ಮಿಷನ್ ತಂದಿಟ್ಟುಕೊಳ್ಳುವುದೆಂದು ತೀರ್ಮಾನವಾಯಿತು. ಹುಡುಕಾಟ ಶುರುವಾಯಿತು.

ಆ ಆರು ತಿಂಗಳೂ ಅವಳು ಎರಡು ಹಣ್ಣಿನ ಪೆಟ್ಟಿಗೆಗಳ ಮೇಲೆ ಹಳೆಯ ಬಾಗಿಲೊಂದನ್ನು ಅಡ್ಡ ಹಾಕಿಕೊಂಡು ಕೆಲಸ ಮಾಡಿದಳು. ಒತ್ತಿದ ಕಡೆಗೆ ಅದು ವಾಲುತ್ತಿತ್ತು. ಹದಿನಾಲ್ಕು ಡಬ್ಬಿ ಒಂಬತ್ತಾಯಿತು. ಹಿಂದಿನ ವಾರ ಬಿಸಿನೀರಿನ ಪಾತ್ರೆ ಜಾರಿ, ಎಡಗೈಯ ಮೇಲೆ ಹಿಡಿಯಗಲ ಬೊಬ್ಬೆ ಎದ್ದಿತ್ತು. ಪ್ರೆಸ್ಸಿನವರು ಒಳ್ಳೆಯ ಮಾತಿನಲ್ಲೇ, "ಅಮ್ಮಾ, ನಿಮಗೆ ಕಷ್ಟ ಆಗ್ತಿದ್ರೆ ಹೇಳಿಬಿಡಿ, ಒಂದನೇ ತಾರೀಖಿನಿಂದ ನಾವು ಬೇರೆ ಕಡೆ ನೋಡ್ಕೋತೀವಿ" ಎಂದಿದ್ದರು. ಒಂದನೇ ತಾರೀಖಿಗೆ ಇನ್ನು ಒಂಬತ್ತು ದಿನ ಉಳಿದಿತ್ತು. ಪ್ರೆಸ್ಸೂ ಹೋದರೆ ಉಳಿಯುವುದು ನಾಲ್ಕು ಡಬ್ಬಿ. ನಾಲ್ಕಕ್ಕಾಗಿ ಒಲೆ ಹೊತ್ತಿಸುವುದೂ ಒಂದೇ, ಕೈ ತೊಳೆದುಕೊಳ್ಳುವುದೂ ಒಂದೇ. ಅದಕ್ಕೇ ಅವಳು ಕಾಲೆಳೆದುಕೊಂಡು ತಾನೇ ಅಂಗಡಿಗೆ ಬಂದಿದ್ದಳು.

ಅಂಗಡಿಯವನು ಗಂಡ ಹೆಂಡತಿ ಇಬ್ಬರ ಮುಖವನ್ನೂ ನೋಡಿದ. ಒಂದು ಸ್ಪ್ಯಾನರು ತಂದು ಪಟ್ಟಿಯ ಹಿಂದುಗಡೆ ಎರಡು ನಟ್ಟು ಸಡಿಲಿಸಿ, ಬೆರಳಿನಲ್ಲಿ ಒಂಚೂರು ತಟ್ಟಿ, ಮತ್ತೆ ಬಿಗಿ ಮಾಡಿದ. "ಈಗ ನೋಡಿ."

ಮೇಸ್ತ್ರಿ ಹಾಳೆ ತೂರಿಸಿದ. ಹಿಂದೆಯೂ ಹೋಯಿತು, ಮುಂದೆಯೂ ಹೋಯಿತು.

"ಎರಡು ನಟ್ಟು," ಎಂದಳು ಹೆಂಡತಿ. "ಆರು ತಿಂಗಳು."

"ಎಲ್ಲ ಮಿಷನ್ನಿನಲ್ಲೂ ಹಿಂಗೆ ತಿರುಗಿಸಬಹುದಾ?" ಎಂದು ಮೇಸ್ತ್ರಿ ಅಂಗಡಿಯವನನ್ನು ಕೇಳಿದ.

"ಎಲ್ಲದರಲ್ಲೂ, ಯಜಮಾನ್ರೇ."

ಹೆಂಡತಿ ಹಣೆ ಚಚ್ಚಿಕೊಂಡಳು. ಆಮೇಲೂ ಒಂದು ಸುತ್ತು ಉಳಿದಿತ್ತು. ಪಕ್ಕದಲ್ಲೇ ಕಾಲು ಮಡಚುವ, ಒಬ್ಬನೇ ಎತ್ತಬಹುದಾದ ಸಣ್ಣದೊಂದು ಮಿಷನ್ನಿತ್ತು. ಮನೆಗೆ ಅದೇ ಸಾಕು ಎಂದು ಅಂಗಡಿಯವನೇ ಹೇಳಿದ. ಮೇಸ್ತ್ರಿ ಅದರ ಒಂದು ಮೂಲೆಯನ್ನು ಅಂಗೈಯಿಂದ ಒತ್ತಿದ, ಅದು ಸ್ವಲ್ಪ ಅಲ್ಲಾಡಿತು. ದೊಡ್ಡದರ ಎರಕದ ಮೇಲ್ಮೈಯನ್ನು ಒತ್ತಿದ, ಅದು ಅಲ್ಲಾಡಲಿಲ್ಲ. "ಇದು," ಎಂದ.

"ಮೂಗಿಗಿಂತ ಮೂಗುತಿ ಭಾರ ಆಯ್ತು. ಆ ಗೂಡಿನಂಥ ರೂಮಿನಲ್ಲಿ ಹಿಡಿಸುತ್ತೇನ್ರೀ ಇದು?"

"ಅಳತೆ ಮಾಡಿದ್ದೀನಿ ಕಣೆ," ಎಂದ ಮೇಸ್ತ್ರಿ, ಮೊದಲ ಸಲ ದನಿಯಲ್ಲಿ ಒಂದಿಷ್ಟು ಗತ್ತು ತಂದುಕೊಂಡು. "ಅದರಲ್ಲಿ ಮಾತ್ರ ನನ್ನ ಕೇಳಬೇಡ."

ಅಳತೆ ಮಾಡಿದ್ದು ನಿಜ. ಅಡುಗೆಮನೆಯ ಹಿಂದೆ ಹಳೇ ಸಾಮಾನು ಹಾಕುತ್ತಿದ್ದ ಕೋಣೆಯನ್ನು ಖಾಲಿ ಮಾಡಿ, ಸುಣ್ಣ ಬಳಿದು, ಗೋಡೆಗೆ ಉಳಿ, ಹತ್ತರಿ, ಮೂಲೆಮಟ್ಟಗಳನ್ನು ಸಾಲಾಗಿ ನೇತುಹಾಕಿದ್ದ. ಹನ್ನೊಂದಡಿ ಉದ್ದ, ಎಂಟಡಿ ಅಗಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಮಿಷನ್ನಿನ ಅಗಲಕ್ಕೆ ಸರಿಯಾಗಿ ಚೌಕ ಬರೆದು, ಮೂರು ದಿನ ಆ ಚೌಕದ ಸುತ್ತ ಓಡಾಡಿ ನೋಡಿದ್ದ. ಎಲ್ಲೂ ಮೈ ತಾಗಿರಲಿಲ್ಲ. ಇಲ್ಲದ ಮಿಷನ್ನಿನ ಸುತ್ತ ಅವನು ಪಕ್ಕ ತಿರುಗಿ ಹುಷಾರಾಗಿ ನಡೆಯುವುದನ್ನು ಬಾಗಿಲಲ್ಲಿ ನಿಂತು ನೋಡಿ ಅವಳು ನಗಬೇಕೋ ಅಳಬೇಕೋ ತಿಳಿಯದೆ ಒಲೆಯ ಕಡೆ ಹೋಗಿದ್ದಳು.

ಮರುದಿನ ಬೆಳಿಗ್ಗೆ ಮಿಷನ್ನು ಬಂತು. ಮೂವರು ಹೊತ್ತು ತಂದರು. ಬಾಗಿಲಲ್ಲಿ ಎರಡು ಕಡೆಯೂ ಒಂದೊಂದು ಬೆರಳಿನಷ್ಟು ಸಂದು ಉಳಿಸಿಕೊಂಡು ಒಳಗೆ ಹೋಯಿತು. ಹೊತ್ತವರಲ್ಲಿ ಒಬ್ಬ, "ಅಬ್ಬಾ, ಬಾಗಿಲಿಗೆ ಹೊಲಿಸಿದಂಗಿದೆ" ಎಂದ. ಮೇಸ್ತ್ರಿ ಹೆಂಡತಿಯ ಕಡೆ ನೋಡಿದ. ಅವಳೂ ಮನಸ್ಸಿನಲ್ಲೇ ಮೆಚ್ಚಿದಳು, ಬಾಯಿಬಿಟ್ಟು ಹೇಳಲಿಲ್ಲ. ಮಿಷನ್ನು ಸೀಮೆಸುಣ್ಣದ ಚೌಕದ ಮೇಲೆ ಗೆರೆಗೆ ಗೆರೆ ಕೂತಿತು.

ಕರೆಂಟು ಎಳೆಯಲು ಅವಳ ತಮ್ಮ ಬಂದ. ಅವನು ವೈರಿಂಗ್ ಕೆಲಸದವನು. ಮಾತು ಮಾತಿಗೂ ಉರಿದು ಬೀಳುತ್ತಿದ್ದುದರಿಂದ ಬೀದಿಯವರೆಲ್ಲ ಅವನನ್ನು ಫ್ಯೂಸು ಎಂದೇ ಕರೆಯುತ್ತಿದ್ದರು. ಆ ಹೊತ್ತು ಮಾತ್ರ ಖುಷಿಯಲ್ಲಿದ್ದ. ಹೊಸ ಸ್ವಿಚ್ಚು ಕೂಡಿಸಿ, "ಭಾವ, ಹಾಕಿ" ಎಂದ.

ಮೇಸ್ತ್ರಿ ಒಂದು ಗೇಣುದ್ದದ ತುಂಡು ಮರವನ್ನು ಪಟ್ಟಿಗೆ ಒತ್ತಿ ಕೋಲಿನಿಂದ ನೂಕಿದ. ಬ್ಲೇಡು ಅದನ್ನು ಬೆಣ್ಣೆಯ ಹಾಗೆ ಸೀಳಿತು. ಕೊಯ್ದ ಅಂಚಿನ ಮೇಲೆ ಅವನು ಹೆಬ್ಬೆರಳು ಆಡಿಸಿದ, ಮೂಲೆಮಟ್ಟ ಹಿಡಿದು ಬೆಳಕಿಗೆ ಎತ್ತಿ ನೋಡಿದ. ಮಟ್ಟಕ್ಕೂ ಮರಕ್ಕೂ ನಡುವೆ ಬೆಳಕಿನ ಎಳೆಯೂ ಇರಲಿಲ್ಲ. ತುಂಡನ್ನು ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕೈಗೆ ಕೊಟ್ಟ.

"ಚೆನ್ನಾಗಿದೆ. ನನ್ನ ಹಲಗೆ ಹಾಕಿ," ಎಂದಳು ಅವಳು.

ಫ್ಯೂಸು ಒಂದು ತುದಿ, ಮೇಸ್ತ್ರಿ ಒಂದು ತುದಿ ಹಿಡಿದು ದಪ್ಪ ಹಲಗೆಯನ್ನು ಗೋಡೆಯಿಂದ ಎತ್ತಿದರು. ಮಿಷನ್ನಿನ ಮುಂದೆ ತಂದು, ಹಲಗೆಯ ತಲೆಯನ್ನು ಬ್ಲೇಡಿನ ಕಡೆ ಹಿಡಿದು, ಮೇಸ್ತ್ರಿ ಹಿಂದಕ್ಕೆ ಒಂದು ಹೆಜ್ಜೆ ಇಟ್ಟ. ಇನ್ನೊಂದು ಇಟ್ಟ. ಬೆನ್ನು ಗೋಡೆಗೆ ತಾಗಿತು. ಹಲಗೆಯ ತಲೆ ಬ್ಲೇಡನ್ನು ದಾಟಿ ಇನ್ನೂ ಒಂದೂವರೆ ಅಡಿ ಮುಂದಿತ್ತು.

ಮಿಷನ್ನು ಕೋಣೆಯ ನಟ್ಟನಡುವೆ ಇತ್ತು. ಬ್ಲೇಡಿನ ಹಿಂದೆ ಐದೂವರೆ ಅಡಿ, ಮುಂದೆ ಐದೂವರೆ ಅಡಿ. ಹಲಗೆ ಏಳಡಿ. ಕೊಯ್ಯುವ ಮುಂಚೆ ಬ್ಲೇಡಿನ ಈಚೆ ಏಳಡಿ ಬೇಕು, ಕೊಯ್ದಾದ ಮೇಲೆ ಆಚೆ ಏಳಡಿ ಬೇಕು.

"ಭಾವ," ಎಂದ ಫ್ಯೂಸು ಮೆಲ್ಲಗೆ, "ಮಿಷನ್ನಿಗೆ ಜಾಗ ಅಳೆದ್ರಿ. ಹಲಗೆಗೆ?"

ಮೇಸ್ತ್ರಿ ಹಲಗೆಯನ್ನು ಹಿಡಿದುಕೊಂಡೇ ನಿಂತಿದ್ದ. ಕಾರ್ಖಾನೆಯಲ್ಲಿ ಕೊಯ್ಯುವ ವಿಭಾಗ ಬೇರೆ, ಜೋಡಿಸುವ ವಿಭಾಗ ಬೇರೆ. ನಡುವೆ ಗೋಡೆ. ಮೂವತ್ತೆಂಟು ವರ್ಷ ಮರ ಅವನ ಬೆಂಚಿಗೆ ಕೈಗಾಡಿಯಲ್ಲಿ ಬಂದದ್ದು ಕೊಯ್ದಾದ ಮೇಲೆಯೇ. ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಅವನು ವಾಪಸ್ಸು ಕಳಿಸುತ್ತಿದ್ದ. ಗೋಡೆಯಾಚೆ ಉದ್ದದ ಹಲಗೆಗಳು ಎಲ್ಲಿಂದ ಹೊರಟು ಎಲ್ಲಿಗೆ ಹೋಗಿ ನಿಲ್ಲುತ್ತವೆ ಎಂದು ಒಮ್ಮೆಯಾದರೂ ಹೋಗಿ ನೋಡಿದವನಲ್ಲ. ನೋಡುವ ಅಗತ್ಯವೂ ಬಂದಿರಲಿಲ್ಲ.

ಆಮೇಲೆ ಮಧ್ಯಾಹ್ನದವರೆಗೆ ಮಿಷನ್ನು ತಿರುಗಿಸುವುದೇ ಕೆಲಸವಾಯಿತು. ಹಿಂದಕ್ಕೆ ಸರಿಸಿದರೆ ಮುಂದೆ ಜಾಗ ಬಂತು, ಹಿಂದೆ ಹೋಯಿತು. ಮೂಲೆಯಿಂದ ಮೂಲೆಗೆ ಓರೆಯಾಗಿ ಇಟ್ಟು ನೋಡಿದರು, ಅಲ್ಲಿ ಮೇಸ್ತ್ರಿಗೇ ನಿಲ್ಲಲು ಜಾಗ ಇಲ್ಲವಾಯಿತು. ಬಾಗಿಲ ಕಡೆ ಮುಖ ಮಾಡಿದರು. ಬಾಗಿಲ ಹೊರಗೆ ಮೂರಡಿ ಓಣಿ, ಅದರಾಚೆ ಪಕ್ಕದ ಮನೆಯ ಗೋಡೆ. ಎಂಟಕ್ಕೆ ಮೂರು ಸೇರಿದರೆ ಮತ್ತೆ ಅದೇ ಹನ್ನೊಂದು. ತಳ್ಳಿ ತಳ್ಳಿ ಫ್ಯೂಸಿನ ಅಂಗಿ ಬೆನ್ನಿಗೆ ಅಂಟಿತು.

"ಮಾಳಿಗೆ ಮೇಲೆ ಇಟ್ಟರೆ?" ಎಂದ ಮೇಸ್ತ್ರಿ.

"ಇಡಿ! ಮೂವರು ಹೊತ್ತದ್ದನ್ನ ನೀವೊಬ್ಬರೇ ತಲೆ ಮೇಲೆ ಇಟ್ಕೊಂಡು ಏಣಿ ಹತ್ತಿ! ನಾನು ಕೆಳಗೆ ನಿಂತು ಚಪ್ಪಾಳೆ ತಟ್ತೀನಿ!" ಫ್ಯೂಸು ಕಡೆಗೂ ಹೋಯಿತು. ಅವನು ಸ್ಕ್ರೂಡ್ರೈವರನ್ನು ಚೀಲಕ್ಕೆ ಎಸೆದು, ಬಾಗಿಲ ಹೊಸ್ತಿಲಿನ ಮೇಲೆ ಕೂತ.

ಹೆಂಡತಿ ಈ ಹೊತ್ತಿಗೆ ಒಂಬತ್ತು ಡಬ್ಬಿ ತುಂಬಿ ಕಳಿಸಿ, ಕುಂಟುತ್ತ ಬಂದು ನೋಡಿದಳು. ಮಿಷನ್ನು ಮತ್ತೆ ನಡುವಿಗೆ ಬಂದಿತ್ತು. ಹಲಗೆ ಮತ್ತೆ ಗೋಡೆಗೆ ಒರಗಿತ್ತು. ಮೇಸ್ತ್ರಿ ಮಿಷನ್ನಿನ ಮೇಲೆ ಒಂದು ಮೊಣಕೈ ಊರಿಕೊಂಡು ಪುಸ್ತಕದಲ್ಲಿ ಬರೆಯುತ್ತಿದ್ದ.

"ಏನು ಬರೀತಿದ್ದೀರಿ?"

"ಇದನ್ನ ವಾಪಸ್ಸು ತಗೋತಾರೇನೋ ಕೇಳ್ತೀನಿ. ಹಲಗೆ ನಿಂತಲ್ಲೇ ಇರುತ್ತೆ, ಬ್ಲೇಡೇ ಪಟ್ಟಿ ಮೇಲೆ ಓಡುತ್ತಲ್ಲ, ಅಂಥದ್ದೂ ಒಂದು ಬರುತ್ತಂತೆ. ಅದಾದ್ರೆ ಜಾಗ ಸಾಲುತ್ತೆ. ಮೂರ್ನಾಲ್ಕು ಅಂಗಡಿ ವಿಚಾರಿಸಿದ್ರೆ—"

ಅವಳು ಪುಸ್ತಕವನ್ನು ಅವನ ಕೈಯಿಂದ ತೆಗೆದುಕೊಂಡಳು. ಹರಿಯಲಿಲ್ಲ, ಎಸೆಯಲಿಲ್ಲ. ಮಡಚಿ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಯಾಕೆ ಹಿಂಗೆ ಮಾಡ್ತೀರಿ? ಹೇಳಿ. ಇವತ್ತು ಹೇಳಿಬಿಡಿ. ಊರವರ ಮನೆಗೆಲ್ಲ ಬೀರು, ಮಂಚ, ಕುರ್ಚಿ. ನಾನು ಮುರುಕು ಬಾಗಿಲ ಮೇಲೆ ಕೈ ಸುಟ್ಕೊಂಡು ಕೂತಿದ್ದೀನಿ. ನನ್ನದು ಅಂದ್ರೆ ನಿಮಗೆ ಕಾಣೋದೇ ಇಲ್ವಾ?"

"ನಿನ್ನದು ಅಂತಾನೇ," ಎಂದ ಮೇಸ್ತ್ರಿ. ಅವನ ದನಿ ಯಾವಾಗಲೂ ಇದ್ದ ಹಾಗೆ ಇರಲಿಲ್ಲ. ಬಲದ ಭುಜವನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದ. "ಊರವರದು ಆಗಿದ್ರೆ ಎಂಥಾ ಮಿಷನ್ನಾದ್ರೂ ಆಗ್ತಿತ್ತು. ಈ ಕೈಯಲ್ಲಿ ಇನ್ನೆಷ್ಟು ಕೆಲಸ ಉಳಿದಿದೆಯೋ ಗೊತ್ತಿಲ್ಲ ಕಣೆ. ಒಂದು ಮೇಜು ಆಗುತ್ತೆ, ಅದು ನನಗೆ ಗೊತ್ತು. ಆ ಒಂದು ಓರೆ ಆಗಬಾರದು ಅಂತ."

ಹೊಸ್ತಿಲಿನ ಮೇಲೆ ಕೂತಿದ್ದ ಫ್ಯೂಸು ಓಣಿಯ ಕಡೆ ಮುಖ ತಿರುಗಿಸಿದ.

ಅವಳ ಸಿಟ್ಟು ಇಳಿದಿತ್ತೇ ಎಂದರೆ, ಇಲ್ಲ. ಆರು ತಿಂಗಳ ಸಿಟ್ಟು ಒಂದು ಮಾತಿಗೆ ಇಳಿಯುವಂಥದ್ದಲ್ಲ. ಇಳಿಯಲು ಜಾಗ ಹುಡುಕುತ್ತಿತ್ತು, ಅಷ್ಟೇ.

"ಓರೆ ಮೇಜಿನ ಮೇಲೂ ಈರುಳ್ಳಿ ಹೆಚ್ಚಬಹುದು," ಎಂದಳು. "ಇಲ್ಲದ ಮೇಜಿನ ಮೇಲೆ ಹೆಚ್ಚೋಕಾಗಲ್ಲ."

ಹೇಳಿ, ಮಿಷನ್ನಿನ ಬ್ಲೇಡಿನ ಎದುರಿಗೆ ಹೋಗಿ ನಿಂತಳು. ಬ್ಲೇಡು ನೋಡುತ್ತಿದ್ದ ಕಡೆಗೆ ತಾನೂ ನೋಡಿದಳು. ಎದುರಿಗೆ ಗೋಡೆ. ಅಂಗೈಯಿಂದ ಅದನ್ನು ಬಡಿದಳು. ಆ ಗೋಡೆಯ ಆಚೆ ತನ್ನ ಅಡುಗೆಮನೆ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಈ ಗೋಡೆ ಎಷ್ಟು ದಪ್ಪ?"

"ಒಂಟಿ ಇಟ್ಟಿಗೆ. ಯಾಕೆ?"

ಅವಳು ಅವನ ಕಿವಿಯ ಮೇಲಿದ್ದ ಪೆನ್ಸಿಲನ್ನೂ ಜೇಬಿನಲ್ಲಿದ್ದ ಟೇಪನ್ನೂ ಕಿತ್ತುಕೊಂಡು, ಮಿಷನ್ನಿನ ಎತ್ತರ ಅಳೆದಳು. ಮೂವತ್ತನಾಲ್ಕು ಇಂಚು. ಗೋಡೆಗೆ ನೇತುಹಾಕಿದ್ದ ಸುತ್ತಿಗೆ, ಉಳಿಗಳಲ್ಲಿ ಎಲ್ಲಕ್ಕಿಂತ ದೊಡ್ಡ ಸುತ್ತಿಗೆ, ಎಲ್ಲಕ್ಕಿಂತ ಅಗಲದ ಉಳಿ ತೆಗೆದುಕೊಂಡು ಓಣಿಯ ಕಡೆಯಿಂದ ಅಡುಗೆಮನೆಗೆ ಹೊರಟಳು.

"ಅದು ನನ್ನ ಒಳ್ಳೇ ಉಳಿ!" ಎಂದು ಮೇಸ್ತ್ರಿ ಕೂಗಿದ.

"ಅಕ್ಕಾ, ತಡಿ! ಆ ಗೋಡೇಲಿ ವೈರಿದೆ!" ಎಂದು ಫ್ಯೂಸು ಎದ್ದು ಓಡಿದ. ಅವನು ಮೇನ್ ಸ್ವಿಚ್ಚು ಆರಿಸುವುದಕ್ಕೂ, ಆಚೆ ಕಡೆಯಿಂದ ಮೊದಲನೆಯ ಪೆಟ್ಟು ಬೀಳುವುದಕ್ಕೂ ಸರಿಹೋಯಿತು.

ಮೇಸ್ತ್ರಿ ಕೋಣೆಯಲ್ಲಿ ಒಬ್ಬನೇ ನಿಂತು ಗೋಡೆಯನ್ನು ನೋಡುತ್ತಿದ್ದ. ನಾಲ್ಕನೆಯ ಪೆಟ್ಟಿಗೆ ಹೊಸ ಸುಣ್ಣದಲ್ಲಿ ಬಿರುಕು ಮೂಡಿತು. ಆರನೆಯದಕ್ಕೆ ಒಂದು ಇಟ್ಟಿಗೆಯ ಮೂಲೆ ಈಚೆ ಬಿದ್ದಿತು. ಅವನು ಬಾಯಿ ತೆರೆದ. ಮತ್ತೆ ಮುಚ್ಚಿಕೊಂಡ. ತೂತು ದೊಡ್ಡದಾಗುತ್ತ ಹೋಗಿ, ಅದರಲ್ಲಿ ಹೆಂಡತಿಯ ಮುಖ ಕಾಣಿಸಿತು. ಹುಬ್ಬಿನ ಮೇಲೆಲ್ಲ ಇಟ್ಟಿಗೆಯ ಪುಡಿ. ಅವಳು ತೂತಿನಿಂದ ಮಿಷನ್ನನ್ನು ನೋಡಿದಳು. ಮಿಷನ್ನಿನ ಮೇಲ್ಮೈ ತೂತಿಗಿಂತ ಅರ್ಧ ಅಡಿ ಕೆಳಗಿತ್ತು.

"ಇದೇನು?"

"ಈ ಕೋಣೆ ನೆಲ ಅಡುಗೆಮನೆಗಿಂತ ಅರ್ಧ ಅಡಿ ತಗ್ಗು," ಎಂದ ಮೇಸ್ತ್ರಿ. "ನೀನು ಆ ಕಡೆಯಿಂದ ಮೂವತ್ತನಾಲ್ಕು ಅಳೆದೆ."

"ಮೊದಲೇ ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ."

ತೂತಿನ ಆಚೆ ಕೆಮ್ಮಿನ ಹಾಗೆ ಏನೋ ಕೇಳಿಸಿತು. ಧೂಳಿಗೆ ಕೆಮ್ಮುತ್ತಿದ್ದಾಳೆ ಎಂದು ಅವನು ನೋಡಿದರೆ, ಅವಳು ಉಳಿಯನ್ನು ಎದೆಗೆ ಒತ್ತಿಕೊಂಡು ನಗುತ್ತಿದ್ದಳು. ಪಕ್ಕದಲ್ಲಿ ಟಾರ್ಚು ಹಿಡಿದು ನಿಂತಿದ್ದ ಫ್ಯೂಸು, "ಇಬ್ಬರೂ ಸರಿಯಾಗಿದ್ದೀರಿ. ಅವರು ಅಳೆದು ಕೆಡಿಸ್ತಾರೆ, ನೀನು ಅಳೀದೆ ಕೆಡಿಸ್ತೀಯ. ನಡುವೆ ನನ್ನ ವೈರು," ಎಂದ.

ಉಳಿದದ್ದನ್ನು ಮೇಸ್ತ್ರಿ ಈ ಕಡೆಯಿಂದ ಒಡೆದ. ಎಡಗೈಯಲ್ಲೇ, ನಿಧಾನವಾಗಿ, ಒಂದೊಂದೇ ಇಟ್ಟಿಗೆಯ ಸುತ್ತಲಿನ ಗಾರೆ ಕೆದಕಿ ಬಿಡಿಸಿದ. ಮಿಷನ್ನಿನ ಮಟ್ಟಕ್ಕೆ ಸರಿಯಾಗಿ ತಳ ಬಂದಾಗ, ಅದರ ಮೇಲೆ ಒಂದು ಮರದ ಪಟ್ಟಿ ಕೂರಿಸಿ, ಮಟ್ಟ ನೋಡಿದ. ತಪ್ಪಿ ಒಡೆದ ಮೇಲಿನ ತೂತು, ಸರಿಯಾಗಿ ಒಡೆದ ಕೆಳಗಿನ ತೂತು ಸೇರಿ ಒಂದು ಸಣ್ಣ ಕಿಟಕಿಯಷ್ಟಾಗಿತ್ತು. ಅಡುಗೆಮನೆಯ ಪಾತ್ರೆಗಳ ಮೇಲೆಲ್ಲ ಕೆಂಪು ಧೂಳು ಕೂತಿತ್ತು. ಅವಳು ಅದನ್ನು ನೋಡಿದಳು, ಒರೆಸಲು ಹೋಗಲಿಲ್ಲ. ಗೋಡೆಯಿಂದ ನಾಲ್ಕಡಿ ಆಚೆ ಕುರ್ಚಿ ಎಳೆದುಕೊಂಡು, ಬಲಗಾಲನ್ನು ಚಾಚಿ, ತೂತಿಗೆ ಎದುರಾಗಿ ಕೂತಳು.

ಮೇಸ್ತ್ರಿ ಮಿಷನ್ನನ್ನು ಗೋಡೆಯ ಕಡೆಗೆ ಸರಿಸಿದ. ಈಗ ಬ್ಲೇಡಿನ ಹಿಂದೆ ಏಳೂವರೆ ಅಡಿ ಇತ್ತು. ಫ್ಯೂಸು ಗೋಡೆಯ ವೈರನ್ನು ಪಕ್ಕಕ್ಕೆ ಸರಿಸಿ ಕಟ್ಟಿ, ಮೇನ್ ಸ್ವಿಚ್ಚು ಮತ್ತೆ ಹಾಕಿ ಬಂದು, ಹಲಗೆಯ ಬಾಲ ಹಿಡಿದು ನಿಂತ. ಮೇಸ್ತ್ರಿ ಬಗ್ಗಿ, ತೂತಿನಿಂದ ಹೆಂಡತಿಯನ್ನು ನೋಡಿದ.

"ತುದಿ ನಿನ್ನ ಹತ್ರ ಬಂದಾಗ ಎಳೀಬೇಡ. ತಳ್ಳಲೂ ಬೇಡ. ಭಾರ ಮಾತ್ರ ಹಿಡ್ಕೊ. ಎಳೆದ್ರೆ ಓರೆ ಹೋಗುತ್ತೆ."

"ಗೊತ್ತಾಯ್ತು."

"ಎಳೀಬೇಡ."

"ಗೊತ್ತಾಯ್ತು ಅಂದೆನಲ್ಲ! ಇನ್ನೊಂದು ಸಲ ಹೇಳಿದ್ರೆ ಎದ್ದು ಹೋಗ್ತೀನಿ. ಹಾಕ್ರೀ ಸ್ವಿಚ್ಚು!"

ಮೋಟಾರು ಎದ್ದಿತು. ಆಮೇಲೆ ಯಾರು ಏನು ಹೇಳಿದರೂ ಕೇಳುವಂತಿರಲಿಲ್ಲ. ಬ್ಲೇಡು ಮರವನ್ನು ಮುಟ್ಟಿದಾಗ ದನಿ ಒಂದು ಮೆಟ್ಟಿಲು ಇಳಿದು, ಅಲ್ಲೇ ನಿಂತಿತು. ಅವಳು ಕೂತಲ್ಲಿಂದ ಕಾಣುತ್ತಿದ್ದದ್ದು ಅವನ ಅಂಗಿಯ ಎರಡು ಗುಂಡಿ, ಎರಡು ಕೈ, ಕೈಯಲ್ಲಿ ನೂಕುವ ಕೋಲು. ಎಡಗೈ ಹಲಗೆಯನ್ನು ಪಟ್ಟಿಗೆ ಒತ್ತಿ ಹಿಡಿದಿತ್ತು. ಬಲಗೈ ಗೇಣುಗೇಣೇ ನೂಕುತ್ತಿತ್ತು. ಗೇಣು ನೂಕಿ, ಕೈ ಹಿಂದಕ್ಕೆ ತಂದು, ಮತ್ತೆ ಗೇಣು. ಅವಸರವಿರಲಿಲ್ಲ. ಹಲಗೆಯ ತಲೆ ಗೋಡೆಯ ತೂತಿಗೆ ಬಂತು, ಮರದ ಪಟ್ಟಿಯ ಮೇಲೆ ಸಲೀಸಾಗಿ ಜಾರಿ ಅಡುಗೆಮನೆಯೊಳಗೆ ಬಂತು. ಅದರ ಜೊತೆಗೆ ಹಿಟ್ಟಿನಂಥ ಹೊಟ್ಟು ಬಿಸಿಬಿಸಿಯಾಗಿ ಹಾರಿ ಬಂದು ಅವಳ ಮಡಿಲಲ್ಲಿ, ಕೂದಲಲ್ಲಿ, ಒಲೆಯ ಮೇಲೆ ಬಿತ್ತು.

ಅವಳು ಎರಡೂ ಅಂಗೈಗಳನ್ನು ಮೇಲ್ಮುಖ ಮಾಡಿ ಚಾಚಿದಳು. ತುದಿ ಬಂದು ಕೈಗೆ ತಾಗಿತು. ಅದು ನಡುಗುತ್ತಿತ್ತು. ಅವಳು ಎಳೆಯಲಿಲ್ಲ. ಬೊಬ್ಬೆ ಎದ್ದ ಎಡಗೈ ಉರಿಯಿತು, ಆದರೂ ಹಾಗೇ ಹಿಡಿದಳು. ಹಲಗೆ ತನ್ನ ಪಾಡಿಗೆ ತಾನು ಅವಳ ಕಡೆಗೆ ಬರುತ್ತಲೇ ಇತ್ತು. ತೊಗಟೆಯ ಡೊಂಕು ಪಟ್ಟಿ ಅದರಿಂದ ಬೇರೆಯಾಗಿ, ಬಾಗಿ, ಆ ಕಡೆಯ ನೆಲಕ್ಕೆ ಬಿತ್ತು.

ಮೋಟಾರು ನಿಂತಿತು. ಬ್ಲೇಡು ಸ್ವಲ್ಪ ಹೊತ್ತು ತಾನೇ ತಿರುಗಿ ಸುಮ್ಮನಾಯಿತು. ಹಲಗೆ ಅರ್ಧ ಅವನ ಕೋಣೆಯಲ್ಲಿ, ಅರ್ಧ ಅವಳ ಅಡುಗೆಮನೆಯಲ್ಲಿ, ಗೋಡೆಯ ನಡುವೆ ಮಲಗಿತ್ತು. ಅವಳು ಕೈ ತೆಗೆದಳು. ಅದು ಬೀಳಲಿಲ್ಲ. ಅಂಚಿನ ಮೇಲೆ ಹೆಬ್ಬೆರಳು ಇಟ್ಟು, ಕೈ ಎಟುಕುವವರೆಗೆ ಎಳೆದಳು. ಎಲ್ಲೂ ತಡೆಯಲಿಲ್ಲ.

ಕುರ್ಚಿಯನ್ನು ಒಂದಿಷ್ಟು ಮುಂದಕ್ಕೆ ಎಳೆದುಕೊಂಡಳು. ಚಾಚಿದ ಕಾಲು ಹಲಗೆಯ ಕೆಳಗೆ ಹೋಯಿತು. ಎರಡೂ ಮೊಣಕೈಗಳನ್ನು ಅದರ ಮೇಲೆ ಊರಿದಳು. ಹಲಗೆ ಅವಳ ಕಡೆಗೆ ಒಂದು ಕ್ಷಣ ಬಾಗಿತು. ಆಮೇಲೆ ಆ ಕಡೆಯ ತುದಿಯನ್ನು ಯಾರೋ ಒತ್ತಿ ಹಿಡಿದರು, ಮ‌ಟ್ಟಕ್ಕೆ ಬಂದು ನಿಂತಿತು.